ರಾಳದ ಪೊಟ್ಯಾಶಿಯಂ: ಫ್ಲೇಮ್ ಫೋಟೋಮೀಟರ್ ಅಂಕಿ ನಂಬಿಕೆಗೆ ಬಾರದಾಗ ಎಲ್ಲಿ ಹುಡುಕಬೇಕು

ಮಣ್ಣಿನ ಸಾರ, ಎಲೆಯ ಬೂದಿ, ಕೊಳವೆಬಾವಿ ನೀರು ಎಲ್ಲಕ್ಕೂ ಸರಿಯಾಗಿ ಉತ್ತರ ಕೊಡುತ್ತಿದ್ದ ಫ್ಲೇಮ್ ಫೋಟೋಮೀಟರ್ (ದ್ರಾವಣವನ್ನು ಜ್ವಾಲೆಗೆ ಸಿಂಪಡಿಸಿ, ಹೊಮ್ಮುವ ಬೆಳಕಿನಿಂದ ಪೊಟ್ಯಾಶಿಯಂ ಅಳೆಯುವ ಯಂತ್ರ), ಹಾಲುಮಡ್ಡಿಯೋ ಸಾಲುಧೂಪವೋ ಅಂಥ ಮರದ ರಾಳ ಬಂದ ದಿನ ಹಟ ಹಿಡಿಯುತ್ತದೆ. ಒಂದೇ ಡಬ್ಬಿಯಿಂದ ತೆಗೆದ ಎರಡು ತೂಕಕ್ಕೆ ಎರಡು ಉತ್ತರ, ಬ್ಲ್ಯಾಂಕಿಗೂ (ಮಾದರಿ ಹಾಕದೆ ತಯಾರಿಸಿದ ದ್ರಾವಣ) ಮಾದರಿಗೂ ಹೆಚ್ಚೇನೂ ಅಂತರವಿಲ್ಲದ ರೀಡಿಂಗ್, ಅರ್ಧ ಗಂಟೆಯಲ್ಲಿ ಮೆಲ್ಲಗೆ ಇಳಿಯುವ ಅಂಕಿ. ಬೈಗುಳ ಯಂತ್ರಕ್ಕೆ ಬೀಳುತ್ತದೆ. ತಪ್ಪು ಮಾತ್ರ ಬಹುಪಾಲು ಸಲ ಮೂಸೆಯಲ್ಲೋ (ರಾಳ ಸುಟ್ಟು ಬೂದಿ ಮಾಡುವ ಬಟ್ಟಲು; ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಯಂತ್ರಕ್ಕೆ ಕೊಡುವುದು) ಪಕ್ಕದ ಬೆಂಚಿನ ಬ್ಯೂರೆಟ್ಟಿನಲ್ಲೋ (ದ್ರಾವಣವನ್ನು ಹನಿಹನಿಯಾಗಿ ಬಿಡುವ ಗಾಜಿನ ಕೊಳವೆ) ಇರುತ್ತದೆ.

ಇದಕ್ಕೆ ಕಾರಣ ರಾಳದ ಸ್ವಭಾವದಲ್ಲೇ ಇದೆ. ಸಾಲುಧೂಪ, ಕರಿಧೂಪದಂಥ ಅಪ್ಪಟ ರಾಳಗಳು ಟರ್ಪೀನ್ ವರ್ಗದ ಇಂಗಾಲದ ಸಂಯುಕ್ತಗಳು. ನೀರಿಗೆ ಕರಗುವುದಿಲ್ಲ, ಸುಟ್ಟರೆ ಉಳಿಯುವ ಬೂದಿ ತೀರ ಕಡಿಮೆ. ಅಂಟು ಅಥವಾ ಗೋಂದು ಹಾಗಲ್ಲ. ಅದು ಸಕ್ಕರೆಯ ಆಮ್ಲಗಳು ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಶಿಯಂ ಜೊತೆ ಸೇರಿ ಆದ ಲವಣ. ಆಹಾರದರ್ಜೆಯ ಅರೇಬಿಕ್ ಗೋಂದಿಗೆ ಒಟ್ಟು ಬೂದಿಯ ಮಿತಿ 4%, ಕಡಾಯಿ (ಕರಾಯ) ಗೋಂದಿಗೆ 8%. ಗುಗ್ಗುಳ, ಇಂಗು ಇವೆರಡರ ನಡುವಿನವು, ರಾಳವೂ ಹೌದು ಅಂಟೂ ಹೌದು. ಹಾಗಾಗಿ ‘ರಾಳದ ಪೊಟ್ಯಾಶಿಯಂ’ ಎಂದು ನಾವು ಅಳೆಯುವುದು ಹೆಚ್ಚಾಗಿ ರಾಳವಲ್ಲದ್ದರ ಪೊಟ್ಯಾಶಿಯಂ. ಅದು ಅದರೊಳಗಿನ ಅಂಟಿನದು, ತೊಗಟೆಯ ಚೂರಿನದು, ಮಣ್ಣಿನದು. ಇಷ್ಟು ನೆನಪಿದ್ದರೆ ಮುಂದಿನ ಅರ್ಧ ತೊಡಕುಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊದಲ ಅರ್ಧ ಗಂಟೆ

ಯಾವುದನ್ನೂ ಬಿಚ್ಚಬೇಡಿ. ಜ್ವಾಲೆ ಹೊತ್ತಿಸಿ, 15ರಿಂದ 20 ನಿಮಿಷ ಡಿಸ್ಟಿಲ್ಡ್ ವಾಟರ್ ಎಳೆಯಲು ಬಿಡಿ. ಬಳಿಕ ಶೂನ್ಯ ಮತ್ತು 10 ಮಿ.ಗ್ರಾಂ/ಲೀ ಸ್ಟ್ಯಾಂಡರ್ಡಿಗೆ (ಪೊಟ್ಯಾಶಿಯಂ ಪ್ರಮಾಣ ಗೊತ್ತಿರುವ ದ್ರಾವಣ) ಯಂತ್ರ ಹೊಂದಿಸಿ, 6 ಮಿ.ಗ್ರಾಂ/ಲೀ ಸ್ಟ್ಯಾಂಡರ್ಡನ್ನು ಮಾದರಿ ಎಂದೇ ಭಾವಿಸಿ ಐದು ಸಲ ಓದಿಸಿ, ಪ್ರತಿ ಸಲದ ನಡುವೆ ನೀರು ಕೊಡಿ. ಐದೂ 5.8 ಮತ್ತು 6.2ರ ನಡುವೆ ಬಂದರೆ ಯಂತ್ರ ನಿರಪರಾಧಿ, ಮುಂದಿನ ಭಾಗವನ್ನು ಬಿಟ್ಟು ನೇರ ಬ್ಲ್ಯಾಂಕಿನ ಭಾಗಕ್ಕೆ ಹೋಗಿ. ಐದೂ ಒಂದಕ್ಕೊಂದು ಹೊಂದಿಕೊಂಡು, ಆದರೆ 6ರಿಂದ ದೂರವಿದ್ದರೆ ಸ್ಟ್ಯಾಂಡರ್ಡ್ ತಯಾರಿಯಲ್ಲಿ ತಪ್ಪು. ಐದೂ ಐದು ದಿಕ್ಕಿಗೆ ಓಡಿದರೆ ಗಾಳಿ, ಗ್ಯಾಸ್ ಅಥವಾ ಹೀರುನಳಿಗೆಯಲ್ಲಿ ತಪ್ಪು.

ಸ್ಟ್ಯಾಂಡರ್ಡಿನ ಲೆಕ್ಕ ಒಮ್ಮೆ ನೋಡಿಬಿಡೋಣ. 110 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ ಡೆಸಿಕೇಟರಿನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ತಣಿಸಿದ ಪೊಟ್ಯಾಶಿಯಂ ಕ್ಲೋರೈಡ್ 1.907 ಗ್ರಾಂ, ಒಂದು ಲೀಟರಿಗೆ. ಇದು 1000 ಮಿ.ಗ್ರಾಂ/ಲೀ ಪೊಟ್ಯಾಶಿಯಂ. ಇದರ 10 ಮಿ.ಲೀ.ಯನ್ನು 100 ಮಿ.ಲೀ.ಗೆ ಏರಿಸಿದರೆ 100 ಮಿ.ಗ್ರಾಂ/ಲೀ. ಅದರಿಂದ 2, 4, 6, 8, 10 ಮಿ.ಲೀ. ತೆಗೆದು ಒಂದೊಂದನ್ನೂ 100ಕ್ಕೆ ತುಂಬಿಸಿ. ಶೂನ್ಯವೂ ಸೇರಿ ಆರು ಬಿಂದು. ಎಲ್ಲದರಲ್ಲೂ ಮಾದರಿಯಲ್ಲಿರುವಷ್ಟೇ ಹೈಡ್ರೋಕ್ಲೋರಿಕ್ ಆಮ್ಲ ಇರಬೇಕು. ಪಾಲಿಪ್ರಾಪಿಲೀನ್ ಬಾಟಲಿಯಲ್ಲಿಡಿ. 2ರ ಸ್ಟ್ಯಾಂಡರ್ಡನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುವ ಆಸೆ ಬೇಡ.

ಜ್ವಾಲೆ, ಗಾಳಿ, ಹೀರುನಳಿಗೆ

ಸರಿಯಾದ ಎಲ್‌ಪಿಜಿ ಜ್ವಾಲೆ ನೀರು ಎಳೆಯುವಾಗ ನೀಲಿಯಾಗಿರುತ್ತದೆ. ಬರ್ನರಿನ ಪ್ರತಿ ತೂತಿನ ಮೇಲೆ ಒಂದೊಂದು ಚೂಪು ಶಂಕು ಬೇರೆಬೇರೆಯಾಗಿ ನಿಲ್ಲುತ್ತದೆ. ಶಂಕುಗಳು ಕೂಡಿಕೊಂಡು ಎತ್ತರಕ್ಕೆ ಓಲಾಡಿದರೆ ಗ್ಯಾಸ್ ಜಾಸ್ತಿ. ಬರ್ನರಿನಿಂದ ಎದ್ದು ಸದ್ದು ಮಾಡಿದರೆ ಗ್ಯಾಸ್ ಕಡಿಮೆ. ನೀರು ಎಳೆಯುವಾಗಲೂ ಹಳದಿ ಮಿಂಚುತ್ತಿದ್ದರೆ ಸೋಡಿಯಂ ಬರುತ್ತಿದೆ ಎಂದರ್ಥ. ನೀರು ಬದಲಿಸಿ ನೋಡಿ. ನಳಿಗೆಯನ್ನು ನೀರಿನಿಂದ ಎತ್ತಿ ಬರೀ ಗಾಳಿ ಎಳೆಸಿದಾಗಲೂ ಹಳದಿ ನಿಲ್ಲದಿದ್ದರೆ ಧೂಳು ಕಂಪ್ರೆಸರಿನ ಗಾಳಿಯಲ್ಲೇ ಇದೆ.

ಸಿಲಿಂಡರ್ ಮುಗಿಯುತ್ತಾ ಬಂದಾಗ ರೀಡಿಂಗ್ ಜಾರುವುದು ಭ್ರಮೆಯಲ್ಲ. ಎಲ್‌ಪಿಜಿ ಎಂದರೆ ಪ್ರೊಪೇನ್, ಬ್ಯೂಟೇನ್ ಮಿಶ್ರಣ. ಹಗುರವಾದ ಪ್ರೊಪೇನ್ ಮೊದಲು ಆವಿಯಾಗಿ ಹೋಗುತ್ತದೆ, ತಳದಲ್ಲಿ ಬ್ಯೂಟೇನ್ ಪಾಲು ಹೆಚ್ಚಾಗುತ್ತದೆ, ಜ್ವಾಲೆಯ ಗುಣ ಬದಲಾಗುತ್ತದೆ. ದಿನವಿಡೀ ಓದಿಸುವ ಕೆಲಸವಿದ್ದರೆ ಕೊನೆಯ ಕಿಲೋದಲ್ಲಿ ಶುರು ಮಾಡಬೇಡಿ. ಹತ್ತು ಮಾದರಿಗೊಮ್ಮೆ ಮಧ್ಯದ ಸ್ಟ್ಯಾಂಡರ್ಡ್ ಓದಿಸಿ, 3% ಮೀರಿ ಜಾರಿದ್ದರೆ ಮತ್ತೆ ಹೊಂದಿಸಿ, ಆ ಹತ್ತನ್ನೂ ಮರು ಓದಿಸಿ.

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನ ಪ್ರಯೋಗಾಲಯಗಳಲ್ಲಿ, ಕಂಪ್ರೆಸರಿನ ತೇವಾಂಶ ಹಿಡಿಯುವ ಬಟ್ಟಲು ಮಧ್ಯಾಹ್ನದೊಳಗೆ ತುಂಬುತ್ತದೆ. ತುಂಬಿದ ಮೇಲೆ ನೀರಿನ ಹನಿ ಗಾಳಿಯ ಜೊತೆಗೇ ಹೋಗಿ ಜ್ವಾಲೆ ಚಟಪಟ ಎನ್ನುತ್ತದೆ. ಬೆಳಿಗ್ಗೆ, ಮಧ್ಯಾಹ್ನ ಎರಡು ಸಲ ಬಸಿಯುವುದಷ್ಟೇ ಇದಕ್ಕೆ ಮದ್ದು. ಅದೇ ತೇವಕ್ಕೆ ಬಣ್ಣದ ಫಿಲ್ಟರ್ ಮೇಲೆ ಬೂಷ್ಟು ಹಿಡಿಯುತ್ತದೆ. 10ರ ಸ್ಟ್ಯಾಂಡರ್ಡಿಗೆ ಹೊಂದಿಸಲು ಗುಂಡಿಯನ್ನು ಹೋದ ವರ್ಷಕ್ಕಿಂತ ಬಹಳ ತಿರುಗಿಸಬೇಕಾಗಿ ಬಂದಿದ್ದರೆ, ಡಿಟೆಕ್ಟರ್ ಹೋಯಿತೆಂದು ತೀರ್ಮಾನಿಸುವ ಮೊದಲು ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿ.

ಚರಂಡಿ ಕೊಳವೆ ಎಲ್ಲರೂ ಮರೆಯುವ ಭಾಗ. ಸಿಂಪಡಿಸಿದ ದ್ರಾವಣದ ಬಹುಪಾಲು ಜ್ವಾಲೆಗೆ ಹೋಗುವುದೇ ಇಲ್ಲ, ಇಲ್ಲಿಂದ ಹೊರಕ್ಕೆ ಬಸಿಯುತ್ತದೆ. ಕೊಳವೆಯ ಬಾಗಿನಲ್ಲಿ ನೀರು ನಿಂತಿರಬೇಕು, ಇಲ್ಲವಾದರೆ ಒತ್ತಡ ಸೋರುತ್ತದೆ. ಕಟ್ಟಿಕೊಂಡರೆ ಮಂಜಿನ ಕೋಣೆಯಲ್ಲಿ (ದ್ರಾವಣ ಸಣ್ಣ ಹನಿಗಳಾಗುವ ಜಾಗ) ದ್ರಾವಣ ಏರಿ ಜ್ವಾಲೆ ನಾಡಿಯಂತೆ ಮಿಡಿಯುತ್ತದೆ. ಅಂಟಿನ ಮಾದರಿಗಳಲ್ಲಿ ಇಲ್ಲಿ ಲೋಳೆ ಕಟ್ಟುವುದು ಮಾಮೂಲು. ಕೊಳವೆ ಕಳಚಿ ಬಿಸಿನೀರಿನಲ್ಲಿ ತೊಳೆದರೆ ಸಾಕು.

ಹೀರಿಕೆ ಅಳೆಯಲು 10 ಮಿ.ಲೀ.ನ ಅಳತೆ ಸಿಲಿಂಡರ್, ಒಂದು ಗಡಿಯಾರ ಸಾಕು. ಒಂದು ನಿಮಿಷದಲ್ಲಿ ಎಷ್ಟು ನೀರು ಇಳಿಯಿತು ನೋಡಿ. ಸಾಮಾನ್ಯ ಯಂತ್ರಗಳು ನಿಮಿಷಕ್ಕೆ 2ರಿಂದ 6 ಮಿ.ಲೀ. ಎಳೆಯುತ್ತವೆ. ನಿಮ್ಮ ಯಂತ್ರ ಚೆನ್ನಾಗಿರುವ ದಿನ ಎಷ್ಟು ಎಳೆಯುತ್ತದೆ ಎಂಬುದನ್ನು ಬರೆದು ಗೋಡೆಗೆ ಅಂಟಿಸಿ. ಅದಕ್ಕಿಂತ ಇಳಿದಿದ್ದರೆ ನಳಿಗೆ ಕಟ್ಟಿದೆ. ಯಂತ್ರದ ಜೊತೆ ಬಂದ ತಂತಿಯನ್ನೇ ಹಾಕಿ, ಸಿಕ್ಕ ಸೂಜಿ ತುರುಕಿ ತೂತು ಅಗಲ ಮಾಡಬೇಡಿ. ಕಟ್ಟಿರುವುದು ಅಂಟಾದರೆ ಬೆಚ್ಚನೆ ನೀರು, ರಾಳವಾದರೆ ಅಸಿಟೋನ್. ಅಸಿಟೋನ್ ಮುಟ್ಟುವ ಮೊದಲು ಜ್ವಾಲೆ ಆರಿರಬೇಕು, ಸಿಲಿಂಡರ್ ಮುಚ್ಚಿರಬೇಕು, ಬರ್ನರ್ ತಣ್ಣಗಾಗಿರಬೇಕು.

ಬ್ಲ್ಯಾಂಕ್ ಏರಿದ್ದರೆ

ರಾಳದ ಕೆಲಸ ಕೆಡುವುದು ಹೆಚ್ಚಾಗಿ ಇಲ್ಲೇ. ಮಾದರಿ ಹಾಕದೆ, ಉಳಿದೆಲ್ಲವನ್ನೂ ಅದೇ ಮೂಸೆ, ಅದೇ ಫರ್ನೇಸ್ (ಬೂದಿ ಮಾಡುವ ಕುಲುಮೆ), ಅದೇ ಆಮ್ಲ, ಅದೇ ಸೋಸುಕಾಗದದ ಮೂಲಕ ಹಾಯಿಸಿದ್ದೇ ನಿಜವಾದ ಬ್ಲ್ಯಾಂಕ್. ಡಿಸ್ಟಿಲ್ಡ್ ವಾಟರನ್ನು ಬ್ಲ್ಯಾಂಕ್ ಎಂದು ಕರೆದುಕೊಂಡವರಿಗೆ ಈ ರೋಗ ಕಾಣಿಸುವುದೇ ಇಲ್ಲ.

ರಾಳ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಪೊಟ್ಯಾಶಿಯಂ ಎಲ್ಲೆಲ್ಲೂ ಚೆಲ್ಲಿರುತ್ತದೆ, ಯಾಕೆಂದರೆ ರಾಳದ ಆಮ್ಲಾಂಕ (ಅದರಲ್ಲಿ ಆಮ್ಲ ಎಷ್ಟಿದೆ ಎಂಬ ಅಂಕಿ), ಸಾಬೂನೀಕರಣಾಂಕ (ಅದು ಸಾಬೂನಾಗಲು ಎಷ್ಟು ಕ್ಷಾರ ಬೇಕು ಎಂಬ ಅಂಕಿ) ಎರಡನ್ನೂ ತೆಗೆಯುವುದು ಮದ್ಯಸಾರದಲ್ಲಿ ಕರಗಿಸಿದ ಪೊಟ್ಯಾಶಿಯಂ ಹೈಡ್ರಾಕ್ಸೈಡಿನಿಂದ. 0.5 ನಾರ್ಮಲ್ ದ್ರಾವಣದ ಒಂದು ಮಿ.ಲೀ.ನಲ್ಲಿ ಸುಮಾರು 19.5 ಮಿ.ಗ್ರಾಂ ಪೊಟ್ಯಾಶಿಯಂ ಇದೆ. ಬ್ಯೂರೆಟ್ಟಿನ ತುದಿಯಿಂದ ಬೀಳುವ ಒಂದು ಹನಿ ಎಂದರೆ 0.05 ಮಿ.ಲೀ., ಅಂದರೆ ಒಂದು ಮಿ.ಗ್ರಾಂ. ಆ ಒಂದು ಹನಿ ಒಣಗಿದ್ದ ಫ್ಲಾಸ್ಕಿನಲ್ಲಿ ನಿಮ್ಮ 50 ಮಿ.ಲೀ. ಬೂದಿ ದ್ರಾವಣ ಬಿದ್ದರೆ 19.5 ಮಿ.ಗ್ರಾಂ/ಲೀ ಸೇರಿತು. ನಿಮ್ಮ ಅತಿ ದೊಡ್ಡ ಸ್ಟ್ಯಾಂಡರ್ಡಿನ ಎರಡರಷ್ಟು! ಆಮ್ಲಾಂಕದ 0.1 ನಾರ್ಮಲ್ ದ್ರಾವಣವಾದರೂ ಒಂದು ಹನಿಗೆ 3.9 ಮಿ.ಗ್ರಾಂ/ಲೀ. ಹೈಡ್ರಾಕ್ಸೈಡ್ ಮುಟ್ಟಿದ ಗಾಜಿನ ಸಾಮಾನಿಗೂ ಪೊಟ್ಯಾಶಿಯಂ ಅಳೆಯುವ ಸಾಮಾನಿಗೂ ಬೇರೆ ಕಪಾಟು, ಬೇರೆ ಬಣ್ಣದ ಟೇಪು ಇರಲಿ. ಇದರಲ್ಲಿ ರಾಜಿ ಇಲ್ಲ.

ಎರಡನೆಯ ಮೂಲ ಪಿಎಚ್ ಇಲೆಕ್ಟ್ರೋಡ್. ಅದರ ಒಳಗೆ 3 ಮೋಲಾರ್ ಪೊಟ್ಯಾಶಿಯಂ ಕ್ಲೋರೈಡ್ ಇರುತ್ತದೆ, ಮೆಲ್ಲಗೆ ಹೊರಗೆ ಜಿನುಗುವುದೇ ಅದರ ಕೆಲಸದ ವಿಧಾನ. ಒಂದು ಮಿ.ಲೀ.ಗೆ 117 ಮಿ.ಗ್ರಾಂ ಪೊಟ್ಯಾಶಿಯಂ. ನೆನೆಸಿಟ್ಟ ಇಲೆಕ್ಟ್ರೋಡಿನಿಂದ ಒಂದೇ ಹನಿ 100 ಮಿ.ಲೀ. ಅಂಟಿನ ದ್ರಾವಣಕ್ಕೆ ಬಿದ್ದರೆ 58 ಮಿ.ಗ್ರಾಂ/ಲೀ ಏರುತ್ತದೆ. ಅದೇ ಬೀಕರಿನಲ್ಲಿ ಮೊದಲು ಪಿಎಚ್ ನೋಡಿ, ಆಮೇಲೆ ಪೊಟ್ಯಾಶಿಯಂ ಓದಿಸುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ಪಿಎಚ್‌ಗೆ ಬೇರೆ ಭಾಗ ಸುರಿದುಕೊಳ್ಳಿ.

ಮೂರನೆಯದು, ಗಾಜು ತೊಳೆಯುವ ಹಳೆಯ ಕ್ರೋಮಿಕ್ ಆಮ್ಲ. ಅದನ್ನು ಮಾಡುವುದೇ ಪೊಟ್ಯಾಶಿಯಂ ಡೈಕ್ರೋಮೇಟಿನಿಂದ. ವಿಷ ಎಂಬ ಕಾರಣಕ್ಕೆ ಬಿಡಬೇಕಾದದ್ದು, ಈ ಕೆಲಸಕ್ಕಂತೂ ಎರಡು ಪಟ್ಟು ಬಿಡಬೇಕಾದದ್ದು. 10% ನೈಟ್ರಿಕ್ ಆಮ್ಲದಲ್ಲಿ ರಾತ್ರಿ ನೆನೆಸಿ, ಡಿಸ್ಟಿಲ್ಡ್ ವಾಟರಿನಲ್ಲಿ ಮೂರು ಸಲ ಜಾಲಿಸಿ. ನೆನೆಸುವ ಮೊದಲು ಮದ್ಯಸಾರ, ಅಸಿಟೋನ್ ಪೂರ್ತಿ ಹೋಗಿರಬೇಕು. ನೈಟ್ರಿಕ್ ಜೊತೆ ಅವು ಸೇರಿದರೆ ಅಪಾಯ.

ಉಳಿದವು ಚಿಲ್ಲರೆ. ಬೆವರಿದ ಬೆರಳು, ಸೋಸುಕಾಗದ (ಬೂದಿರಹಿತವೇ ಆದರೂ ಮೊದಲು ದುರ್ಬಲ ಹೈಡ್ರೋಕ್ಲೋರಿಕ್‌ನಲ್ಲಿ ತೊಳೆದುಕೊಳ್ಳಿ), ಮಫಲ್ ಫರ್ನೇಸಿನ ಒಡೆದ ಚಾವಣಿಯಿಂದ ಉದುರುವ ಪುಡಿ. ಮೂಸೆಗೆ ಮುಚ್ಚಳ ಓರೆಯಾಗಿಡಿ.

ಅಂಕಿಯಲ್ಲಿ ಇದು ಹೇಗೆ ಕಾಣುತ್ತದೆ ನೋಡಿ. 1 ಗ್ರಾಂ ಸಾಲುಧೂಪ ಸುಟ್ಟು 50 ಮಿ.ಲೀ. ಮಾಡಿದಿರಿ. ಮಾದರಿ 0.9, ಬ್ಲ್ಯಾಂಕ್ 0.6. ವ್ಯತ್ಯಾಸ 0.3, ಉತ್ತರ 15 ಮಿ.ಗ್ರಾಂ/ಕಿಲೋ. ಬ್ಲ್ಯಾಂಕೇ 0.2ರಷ್ಟು ಆಚೀಚೆ ಆಡುತ್ತಿದ್ದರೆ ನಿಜವಾದ ಉತ್ತರ 5 ಇರಬಹುದು, 25 ಇರಬಹುದು. ಇದನ್ನು ವರದಿಯಲ್ಲಿ ಬರೆಯುವಂತಿಲ್ಲ. ಯಂತ್ರದ ಗುಂಡಿ ತಿರುಗಿಸಿ ಅಂಕಿ ದೊಡ್ಡದು ಮಾಡಿದರೆ ಬ್ಲ್ಯಾಂಕೂ ದೊಡ್ಡದಾಗುತ್ತದೆ ಅಷ್ಟೆ. 5 ಗ್ರಾಂ ಸುಟ್ಟು 25 ಮಿ.ಲೀ.ಗೆ ತುಂಬಿಸಿ. ಈಗ ಮಾದರಿಯ ಪಾಲು 3.0. ಆಮ್ಲದ ಪ್ರಮಾಣ ಹಾಗೇ ಇಟ್ಟರೆ ಬ್ಲ್ಯಾಂಕ್ 1.2ಕ್ಕೆ ಏರುತ್ತದೆ, ಅದರ ಆಟ 0.4ಕ್ಕೆ. ಆದರೂ 3.0ಕ್ಕೆ 0.4 ಎಂದರೆ ಮಾತಾಡಬಹುದಾದ ಅಂಕಿ. ಹತ್ತು ಬ್ಲ್ಯಾಂಕ್ ಓದಿಸಿ ಅವುಗಳ ಪ್ರಮಾಣ ವಿಚಲನೆಯ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಮೂರರಷ್ಟನ್ನು ಕಂಡುಹಿಡಿಯುವ ಮಿತಿ ಎಂದು ಇಟ್ಟುಕೊಳ್ಳಿ. ಅದಕ್ಕಿಂತ ಕೆಳಗೆ ಬಂದದ್ದಕ್ಕೆ ‘ಮಿತಿಗಿಂತ ಕಡಿಮೆ’ ಎಂದು ಬರೆಯುವುದು ಸೋಲಲ್ಲ. ಅಪ್ಪಟ ರಾಳಕ್ಕೆ ಅದೇ ಸರಿಯಾದ ಉತ್ತರ ಇರಬಹುದು.

ಬೂದಿ ಮಾಡುವಾಗ ಕಳೆದುಹೋಗುವ ಪೊಟ್ಯಾಶಿಯಂ

ಎಲೆ ಸುಟ್ಟಂತೆ ರಾಳ ಸುಡಲು ಬರುವುದಿಲ್ಲ. ಬಿಸಿ ತಾಗಿದೊಡನೆ ಕರಗಿ, ನೊರೆಯೆದ್ದು, ಮೂಸೆಯ ಗೋಡೆ ಹತ್ತಿ ಅಂಚು ದಾಟುತ್ತದೆ. ದಾಟಿದ್ದರ ಗುರುತು ಮೂಸೆಯ ಹೊರಗೋಡೆಯ ಕಂದು ಗೆರೆ. ಆ ಗೆರೆ ಕಂಡರೆ ಆ ತೂಕ ಬಿಸಾಡಿ, ಮುಂದುವರಿಸಿ ಪ್ರಯೋಜನವಿಲ್ಲ. ಇನ್ನೂ ಅವಸರ ಮಾಡಿದರೆ ಆವಿ ಭಗ್ಗನೆ ಹೊತ್ತಿಕೊಂಡು ಮಸಿಯ ಜೊತೆ ಬೂದಿಯ ಕಣಗಳನ್ನೂ ಮೇಲಕ್ಕೆ ಒಯ್ಯುತ್ತದೆ.

ಮೂಸೆಯ ಮೂರನೇ ಒಂದು ಭಾಗ ಮೀರದಂತೆ ಮಾದರಿ ಹಾಕಿ. 5 ಗ್ರಾಂ ಬೇಕಾದರೆ 50 ಮಿ.ಲೀ.ನ ಮೂಸೆ, ಅಥವಾ ಒಂದು ಗ್ರಾಮಿನಂತೆ ಐದು ಕಂತು. ಬೂದಿರಹಿತ ಸೋಸುಕಾಗದದ ಮಡಿಕೆಯೊಂದನ್ನು ರಾಳದಲ್ಲಿ ಊರಿ ನಿಲ್ಲಿಸಿದರೆ ಅದು ಬತ್ತಿಯಂತೆ ಕೆಲಸ ಮಾಡಿ ನೊರೆಯನ್ನು ತಗ್ಗಿಸುತ್ತದೆ. ಬ್ಲ್ಯಾಂಕಿಗೂ ಅಷ್ಟೇ ಕಾಗದ ಹಾಕಲು ಮರೆಯಬೇಡಿ. ಫ್ಯೂಮ್ ಹುಡ್ ಒಳಗೆ ಹಾಟ್‌ಪ್ಲೇಟ್ ಮೇಲೆ 150 ಡಿಗ್ರಿಯಿಂದ ಶುರುಮಾಡಿ, ಗಂಟೆ ಎರಡು ಗಂಟೆಯಲ್ಲಿ 300ಕ್ಕೆ ತನ್ನಿ. ಹೊಗೆ ಪೂರ್ತಿ ನಿಂತು ಒಣ ಕರಿ ಉಳಿದ ಮೇಲೇ ಫರ್ನೇಸ್. ಹೊಗೆಯಾಡುವ ಮೂಸೆಯನ್ನು ಬಿಸಿ ಫರ್ನೇಸಿಗೆ ಇಡುವುದು ಅಪಾಯ. ಬಾಗಿಲು ತೆಗೆದಾಗ ಬೆಂಕಿ ಮುಖಕ್ಕೆ ಬರುತ್ತದೆ.

ಫರ್ನೇಸ್ 450ರಿಂದ 500 ಡಿಗ್ರಿ, ನಾಲ್ಕರಿಂದ ಆರು ಗಂಟೆ. ಬೂದಿ ಬೆಳ್ಳಗಾಗಲಿಲ್ಲವೆಂದು 600, 650ಕ್ಕೆ ಏರಿಸುವುದೇ ಪೊಟ್ಯಾಶಿಯಂ ಕಡಿಮೆ ಬರುವ ದೊಡ್ಡ ಕಾರಣ. ಪೊಟ್ಯಾಶಿಯಂ ಕ್ಲೋರೈಡ್ ಕರಗುವುದು 770 ಡಿಗ್ರಿಯಲ್ಲಾದರೂ, ಅದಕ್ಕಿಂತ ಬಹಳ ಮೊದಲೇ ಆವಿಯಾಗಿ ಕೈತಪ್ಪಲು ಆರಂಭಿಸುತ್ತದೆ. ಮಾದರಿಯಲ್ಲಿ ಕ್ಲೋರೈಡ್ ಹೆಚ್ಚಿದ್ದಷ್ಟೂ ನಷ್ಟ ಹೆಚ್ಚು. ನಿಮ್ಮ ಫರ್ನೇಸ್ ತೋರಿಸುವ ಡಿಗ್ರಿಯನ್ನೂ ಪೂರ್ತಿ ನಂಬಬೇಡಿ. ಬಾಗಿಲ ಬಳಿಗೂ ಹಿಂದಿನ ಗೋಡೆಗೂ ದೊಡ್ಡ ವ್ಯತ್ಯಾಸ ಇರುತ್ತದೆ.

ಕರಿ ಹಟಮಾರಿಯಾಗಿ ಉಳಿದರೆ ಅದಕ್ಕೂ ಕಾರಣ ಪೊಟ್ಯಾಶಿಯಂ, ಸೋಡಿಯಂ ಲವಣಗಳೇ. ಅವು ಇಂಗಾಲದ ಕಣದ ಸುತ್ತ ಗಾಜಿನಂತೆ ಹೊದ್ದು ಗಾಳಿ ತಾಗದಂತೆ ಮಾಡುತ್ತವೆ. ತಾಪ ಏರಿಸಿದರೆ ಹೊದಿಕೆ ಇನ್ನಷ್ಟು ಬಿಗಿ. ಬದಲಿಗೆ ಮೂಸೆ ತಣಿಸಿ, 5 ಮಿ.ಲೀ. ಬಿಸಿನೀರು ಹಾಕಿ ಗಾಜಿನ ಕಡ್ಡಿಯಿಂದ ಕರಿಯನ್ನು ಮೆಲ್ಲಗೆ ಒತ್ತಿ, ಬೂದಿರಹಿತ ಕಾಗದದಲ್ಲಿ ಸೋಸಿ. ನೀರಿಗೆ ಪೊಟ್ಯಾಶಿಯಮ್ಮಿನ ಬಹುಪಾಲು ಬಂದುಬಿಡುತ್ತದೆ. ಕರಿಯನ್ನು ಕಾಗದದ ಸಮೇತ ಅದೇ ಮೂಸೆಗೆ ಹಾಕಿ ಮತ್ತೆ 500ರಲ್ಲಿ ಸುಡಿ. ಈ ಸಲ ಒಂದು ಗಂಟೆಯಲ್ಲಿ ಬೆಳ್ಳಗಾಗುತ್ತದೆ. ಎರಡನೆಯ ಬೂದಿಯನ್ನು 5 ಮಿ.ಲೀ. ಅರ್ಧಕ್ಕರ್ಧ ನೀರು ಬೆರೆಸಿದ ಹೈಡ್ರೋಕ್ಲೋರಿಕ್‌ನಲ್ಲಿ ಬೆಚ್ಚಗೆ ಕರಗಿಸಿ, ಮೊದಲ ಸೋಸಿದ ನೀರಿಗೆ ಸೇರಿಸಿ, 50ಕ್ಕೆ ತುಂಬಿಸಿ.

ಮೂಸೆ ಯಾವುದು ಎಂಬುದೂ ಮುಖ್ಯ. ಪಿಂಗಾಣಿಯ ಹೊಳಪು ಹೋಗಿ ಒಳಗೆ ಒರಟಾಗಿದ್ದರೆ ಕ್ಷಾರ ಅದರೊಳಗೆ ಸಿಲಿಕೇಟ್ ಆಗಿ ಕೂತುಕೊಳ್ಳುತ್ತದೆ. ಇವತ್ತಿನ ಮಾದರಿಯಲ್ಲಿ ಕಡಿಮೆ, ನಾಳಿನ ಬ್ಲ್ಯಾಂಕಿನಲ್ಲಿ ಹೆಚ್ಚು. ಸಿಲಿಕಾ ಮೂಸೆ ಕೊಳ್ಳುವುದು ದುಬಾರಿಯೆನಿಸಿದರೂ ಲಾಭದ ಬಾಬತ್ತು.

ನಷ್ಟ ಸುಡುವಾಗ ಆಯಿತೋ ಓದಿಸುವಾಗ ಆಯಿತೋ ತಿಳಿಯಲು ಎರಡು ಕಡೆ ಪೊಟ್ಯಾಶಿಯಂ ಸೇರಿಸಿ ನೋಡಿ. ಮಾದರಿಯಲ್ಲಿ ಅಂದಾಜು 3 ಮಿ.ಗ್ರಾಂ ಇದೆಯೆನ್ನಿ. ಒಂದು ಮೂಸೆಗೆ ಸುಡುವ ಮುಂಚೆ 1000ದ ದ್ರಾವಣ 3 ಮಿ.ಲೀ. ಹಾಕಿ ಒಣಗಿಸಿ. ಇನ್ನೊಂದಕ್ಕೆ ಸುಟ್ಟು ಕರಗಿಸಿದ ಮೇಲೆ ಅಷ್ಟನ್ನೇ ಹಾಕಿ. ಎರಡೂ 90ರಿಂದ 110% ವಾಪಸು ಬಂದರೆ ನಿಶ್ಚಿಂತೆ. ಆಮೇಲೆ ಹಾಕಿದ್ದು ಬಂದು, ಮುಂಚೆ ಹಾಕಿದ್ದು ಬರಲಿಲ್ಲವೆಂದರೆ ಫರ್ನೇಸ್ ತಿಂದಿದೆ. ಎರಡೂ ಬರಲಿಲ್ಲವೆಂದರೆ ದ್ರಾವಣವೇ ಜ್ವಾಲೆಗೆ ಸರಿಯಾಗಿ ಹೋಗುತ್ತಿಲ್ಲ. ಸೇರಿಸಿದ್ದು ಕ್ಲೋರೈಡ್ ಆದ್ದರಿಂದ ಈ ಪರೀಕ್ಷೆ ಸ್ವಲ್ಪ ಕಠೋರ. ಅಂಟಿನಲ್ಲಿರುವ ಪೊಟ್ಯಾಶಿಯಂ ಸುಟ್ಟಾಗ ಹೆಚ್ಚಾಗಿ ಕಾರ್ಬೊನೇಟ್ ಆಗುತ್ತದೆ, ಕ್ಲೋರೈಡಿನಷ್ಟು ಸುಲಭಕ್ಕೆ ಹಾರುವುದಿಲ್ಲ.

ಆಮ್ಲದಲ್ಲಿ ಜೀರ್ಣಿಸುವವರಿಗೆ

ಎಲೆಗೆ ಬಳಸುವ ನೈಟ್ರಿಕ್-ಪರ್ಕ್ಲೋರಿಕ್ ಮಿಶ್ರಣವನ್ನು ರಾಳಕ್ಕೆ ಹಾಕಬೇಡಿ. ರಾಳ, ಟರ್ಪೀನ್, ಎಣ್ಣೆ ಇವು ಬಿಸಿ ಪರ್ಕ್ಲೋರಿಕ್ ಜೊತೆ ಸ್ಫೋಟಿಸಬಲ್ಲವು. ಇದು ಅತಿ ಎಚ್ಚರಿಕೆಯ ಮಾತಲ್ಲ. ಅದು ಸಾಲದೆಂಬಂತೆ ಪೊಟ್ಯಾಶಿಯಂ ಪರ್ಕ್ಲೋರೇಟ್ ತಣ್ಣೀರಿಗೆ ಕಡಿಮೆ ಕರಗುವ ಲವಣ. ಪೊಟ್ಯಾಶಿಯಂ ಹೆಚ್ಚಿರುವ ಅಂಟನ್ನು ಜೀರ್ಣಿಸಿ, ಕೊನೆಗೆ ಉಳಿದ ಒಂದೆರಡು ಮಿ.ಲೀ. ತಣ್ಣಗಾದಾಗ ತಳದಲ್ಲಿ ಬಿಳಿ ಹರಳು ಕಂಡರೆ ಅದೇ ನೀವು ಹುಡುಕುತ್ತಿದ್ದ ಪೊಟ್ಯಾಶಿಯಂ. ಸಿಲಿಕಾ ಎಂದು ಸೋಸಿ ಬಿಸಾಡಿದರೆ ಉತ್ತರ ಪಾತಾಳಕ್ಕೆ.

ಮೈಕ್ರೋವೇವ್ ಜೀರ್ಣಕ ಇದ್ದರೆ 0.25 ಗ್ರಾಂ ಮೀರದೆ, ನೈಟ್ರಿಕ್ ಹಾಕಿ ಮುಚ್ಚಳ ತೆರೆದೇ ಹುಡ್‌ನಲ್ಲಿ ರಾತ್ರಿ ಬಿಡಿ. ಮೊದಲ ಕೆರಳಿಕೆ ತಣಿದ ಮೇಲೆ ಮುಚ್ಚಿ ಬಿಸಿ ಮಾಡಿ. ಆದರೆ ಇಷ್ಟು ಸಣ್ಣ ತೂಕಕ್ಕೆ ಬ್ಲ್ಯಾಂಕ್ ಮತ್ತೆ ಕಾಡುತ್ತದೆ. ಪೊಟ್ಯಾಶಿಯಂ ಒಂದೇ ಬೇಕಿದ್ದರೆ ಒಣ ಬೂದಿಯೇ ಮೇಲು.

ಸುಡದೆ ನೇರ ದ್ರಾವಣ ಕೊಟ್ಟಾಗ

ಅಂಟು ನೀರಿಗೆ ಕರಗುತ್ತದಲ್ಲ, ಸುಡುವುದೇಕೆ ಎಂದು ನೇರವಾಗಿ ಯಂತ್ರಕ್ಕೆ ಕೊಡುವವರಿದ್ದಾರೆ. ಅರೇಬಿಕ್ ಗೋಂದಿಗೆ ತೆಳು ದ್ರಾವಣದಲ್ಲಿ ಇದು ನಡೆದೀತು. ಕಡಾಯಿ ಗೋಂದು ನೀರಿನಲ್ಲಿ ಕರಗುವುದಿಲ್ಲ, ಉಬ್ಬಿ ಲೋಳೆಯಾಗುತ್ತದೆ. ಲೋಳೆ ನಿಧಾನ ಏರುತ್ತದೆ, ದಪ್ಪ ಹನಿಯಾಗಿ ಒಡೆಯುತ್ತದೆ, ದಪ್ಪ ಹನಿ ಜ್ವಾಲೆಗೆ ಹೋಗದೆ ಚರಂಡಿಗೆ ಬೀಳುತ್ತದೆ. ನೀರು ನಿಮಿಷಕ್ಕೆ 3.5 ಮಿ.ಲೀ. ಏರಿ ಮಾದರಿ 2.8 ಮಾತ್ರ ಏರಿದರೆ ರೀಡಿಂಗ್ ಐದನೇ ಒಂದು ಭಾಗವಾದರೂ ಕುಸಿದಿರುತ್ತದೆ.

ಇದನ್ನು ಹಿಡಿಯಲು ದ್ರಾವಣವನ್ನು ಎರಡರಷ್ಟಕ್ಕೆ, ಐದರಷ್ಟಕ್ಕೆ, ಹತ್ತರಷ್ಟಕ್ಕೆ ತೆಳುಮಾಡಿ ಓದಿಸಿ, ಉತ್ತರವನ್ನು ಅಷ್ಟರಿಂದಲೇ ಗುಣಿಸಿ. ತೆಳುವಾದಷ್ಟೂ ಗುಣಿಸಿದ ಉತ್ತರ ಏರುತ್ತಾ ಹೋಗಿ ಒಂದು ಕಡೆ ನಿಂತರೆ, ನಿಂತ ಜಾಗವೇ ನಿಜ. ಏರುತ್ತಲೇ ಇದ್ದರೆ ಬ್ಲ್ಯಾಂಕ್ ಕಳೆದಿಲ್ಲ, ಅದನ್ನೂ ಸೇರಿಸಿ ಗುಣಿಸುತ್ತಿದ್ದೀರಿ.

ಮದ್ಯಸಾರ, ಅಸಿಟೋನಿನಲ್ಲಿ ರಾಳ ಕರಗಿಸಿ ಜ್ವಾಲೆಗೆ ಕೊಡುವುದು ಬೇಡ. ದ್ರಾವಕವೇ ಉರಿದು ಜ್ವಾಲೆಯ ಆಕಾರ, ತಾಪ, ಹಿನ್ನೆಲೆ ಬೆಳಕು ಎಲ್ಲವನ್ನೂ ಬದಲಿಸುತ್ತದೆ. ನೀರಿನ ಸ್ಟ್ಯಾಂಡರ್ಡಿಗೆ ಅದನ್ನು ಹೋಲಿಸುವುದರಲ್ಲಿ ಅರ್ಥವಿಲ್ಲ, ಬೆಂಕಿಯ ಅಪಾಯ ಬೇರೆ.

ಜೊತೆಗಾರ ಲೋಹಗಳ ಕಾಟ

ಪೊಟ್ಯಾಶಿಯಂ ಬೆಳಗುವುದು 766.5 ಮತ್ತು 769.9 ನ್ಯಾನೊಮೀಟರಿನಲ್ಲಿ, ಸೋಡಿಯಂ 589ರಲ್ಲಿ. ಫಿಲ್ಟರ್ ಚೆನ್ನಾಗಿದ್ದರೆ ಬೆಳಕು ಬೆರೆಯುವ ಸಮಸ್ಯೆ ಕಡಿಮೆ. ಪೊಟ್ಯಾಶಿಯಂ ಇಲ್ಲದ 100 ಮಿ.ಗ್ರಾಂ/ಲೀ ಸೋಡಿಯಂ ದ್ರಾವಣ ಕೊಟ್ಟು ಪೊಟ್ಯಾಶಿಯಂ ಚಾನೆಲ್ ಏನನ್ನುತ್ತದೆ ನೋಡಿದರೆ ಗೊತ್ತಾಗುತ್ತದೆ. ಕ್ಯಾಲ್ಸಿಯಂ ತುಂಬಿದ ಅಂಟಿನಲ್ಲಿ ಕೆಡುವುದು ಸೋಡಿಯಂ ರೀಡಿಂಗ್, ಪೊಟ್ಯಾಶಿಯಂ ಅಲ್ಲ.

ಪೊಟ್ಯಾಶಿಯಮ್ಮಿಗೆ ಇರುವ ನಿಜವಾದ ತೊಂದರೆ ಅಯಾನೀಕರಣ. ಅದರ ಹೊರಗಿನ ಇಲೆಕ್ಟ್ರಾನ್ ಕಳಚಲು 4.34 ಇಲೆಕ್ಟ್ರಾನ್ ವೋಲ್ಟ್ ಸಾಕು. ಜ್ವಾಲೆಯಲ್ಲಿ ಒಂದಿಷ್ಟು ಪರಮಾಣುಗಳು ಹೀಗೆ ಕಳಚಿಕೊಂಡು ಆ ಬಣ್ಣದಲ್ಲಿ ಬೆಳಗುವುದನ್ನು ನಿಲ್ಲಿಸುತ್ತವೆ. ದ್ರಾವಣ ತೆಳುವಾದಷ್ಟೂ ಈ ಪಾಲು ಹೆಚ್ಚು, ಅದಕ್ಕೇ ಸ್ಟ್ಯಾಂಡರ್ಡುಗಳ ರೀಡಿಂಗ್ ಗುರುತಿಸಿ ಎಳೆದ ರೇಖೆಯ ಬುಡ ಕೆಳಕ್ಕೆ ಬಾಗಿರುತ್ತದೆ. ಮಾದರಿಯಲ್ಲಿ ಸೋಡಿಯಂ ಇದ್ದರೆ ಅದು ಬಿಟ್ಟ ಇಲೆಕ್ಟ್ರಾನುಗಳು ಕಳಚಿಕೆಯನ್ನು ತಡೆದು ಪೊಟ್ಯಾಶಿಯಮ್ಮನ್ನು ಮೇಲಕ್ಕೆ ತೋರಿಸುತ್ತವೆ. ಎಲ್‌ಪಿಜಿ ಜ್ವಾಲೆ ಅಸಿಟಿಲೀನಿಗಿಂತ ತಣ್ಣಗಿರುವುದರಿಂದ ಇದು ವಿಪರೀತಕ್ಕೆ ಹೋಗುವುದಿಲ್ಲ. ಆದರೆ 1ರಿಂದ 3 ಮಿ.ಗ್ರಾಂ/ಲೀ ಮಟ್ಟದಲ್ಲಿ ಕೆಲಸ ಮಾಡುವವರು ಸುಮ್ಮನಿರುವಂತಿಲ್ಲ. ಸ್ಟ್ಯಾಂಡರ್ಡ್, ಬ್ಲ್ಯಾಂಕ್, ಮಾದರಿ ಎಲ್ಲಕ್ಕೂ 1000 ಮಿ.ಗ್ರಾಂ/ಲೀ ಸೀಸಿಯಂ ಸೇರಿಸಿದರೆ (ಸೀಸಿಯಂ ಕ್ಲೋರೈಡ್ ಲೀಟರಿಗೆ 1.267 ಗ್ರಾಂ) ಸಮಸ್ಯೆ ಮುಗಿಯಿತು. ಮೇಲ್ತುದಿಯಲ್ಲಿ ರೇಖೆ ಬಾಗುವುದು ಬೇರೆ ಕಾರಣಕ್ಕೆ: ಜ್ವಾಲೆಯ ಅಂಚಿನ ತಣ್ಣನೆಯ ಪೊಟ್ಯಾಶಿಯಂ ನಡುವಿನ ಬೆಳಕನ್ನು ತಾನೇ ನುಂಗುತ್ತದೆ. ಅಲ್ಲಿ ತೆಳುಮಾಡುವುದೊಂದೇ ದಾರಿ.

ಅನುಪಾತ ನೋಡಿ ತಪ್ಪು ಹೇಳುವುದು

ಎರಡು ಪ್ರಯೋಗಾಲಯಗಳ ಉತ್ತರ ಹೊಂದದಿದ್ದಾಗ ಒಂದನ್ನು ಇನ್ನೊಂದರಿಂದ ಭಾಗಿಸಿ. ಎಲ್ಲ ಮಾದರಿಗೂ 1.2 ಬಂದರೆ ಒಬ್ಬರು ಪೊಟ್ಯಾಶಿಯಂ ಎಂದೂ ಇನ್ನೊಬ್ಬರು ಗೊಬ್ಬರದ ರೂಢಿಯಂತೆ ಪೊಟ್ಯಾಶ್, ಅಂದರೆ ಆಕ್ಸೈಡ್ ಎಂದೂ ಬರೆದಿದ್ದಾರೆ. ಅಲ್ಲಿನ ಗುಣಕ 1.205. 1.9 ಬಂದರೆ ಯಾರೋ ಲೀಟರಿಗೆ 1.907 ಬದಲು 1 ಗ್ರಾಂ ಕ್ಲೋರೈಡ್ ಕರಗಿಸಿ ಚೀಟಿಗೆ 1000 ಎಂದು ಬರೆದಿದ್ದಾರೆ. 2 ಅಥವಾ 10 ಬಂದರೆ ತೆಳುಮಾಡಿದ್ದನ್ನು ಲೆಕ್ಕದಲ್ಲಿ ಬಿಟ್ಟಿದ್ದಾರೆ. ಅನುಪಾತ ಮಾದರಿಯಿಂದ ಮಾದರಿಗೆ ಬದಲಾಗುತ್ತಿದ್ದರೆ ಮಾತ್ರ ರಸಾಯನಶಾಸ್ತ್ರದಲ್ಲಿ ಹುಡುಕಿ.

ಲೆಕ್ಕ ಇಷ್ಟೇ: ಮಾದರಿಯ ರೀಡಿಂಗಿನಿಂದ ಬ್ಲ್ಯಾಂಕ್ ಕಳೆದು, ಮಿ.ಲೀ.ನಲ್ಲಿ ಗಾತ್ರದಿಂದಲೂ ತೆಳುಮಾಡಿದ ಪಟ್ಟಿನಿಂದಲೂ ಗುಣಿಸಿ, ಗ್ರಾಂ ತೂಕದಿಂದ ಭಾಗಿಸಿದರೆ ಕಿಲೋಗೆ ಮಿ.ಗ್ರಾಂ ಸಿಗುತ್ತದೆ. ರೀಡಿಂಗ್ 6.2, ಬ್ಲ್ಯಾಂಕ್ 0.3, ಗಾತ್ರ 50, ಹತ್ತು ಪಟ್ಟು ತೆಳು, ತೂಕ 1.02 ಗ್ರಾಂ ಎಂದರೆ 2892 ಮಿ.ಗ್ರಾಂ/ಕಿಲೋ, ಶೇಕಡಾ 0.29. ಹತ್ತು ಪಟ್ಟು ತೆಳುಮಾಡಿದಾಗ ಬ್ಲ್ಯಾಂಕನ್ನೂ ಹತ್ತು ಪಟ್ಟು ತೆಳುಮಾಡಿಯೇ ಓದಿಸಿರಬೇಕು.

ಎಲ್ಲ ಸರಿ, ಆದರೂ ಎರಡು ತೂಕ ಹೊಂದುವುದಿಲ್ಲ

ಆಗ ತಪ್ಪು ಡಬ್ಬಿಯಲ್ಲಿದೆ. ಮರದಿಂದ ಕೆರೆದು ತೆಗೆದ ರಾಳದಲ್ಲಿ ತೊಗಟೆಯ ಚೂರು ಒಣದ್ರಾಕ್ಷಿಯಂತೆ ಅಲ್ಲಲ್ಲಿ ಹುದುಗಿರುತ್ತದೆ. ಸಾಲುಧೂಪದ ಗಟ್ಟಿಯೊಂದನ್ನು ಒಡೆದು ಬೆಳಕಿಗೆ ಹಿಡಿದರೆ ಜೇನಿನ ಬಣ್ಣದ ಪಾರದರ್ಶಕ ಭಾಗವೂ ಕಂದು ನೂಲಿನ ಭಾಗವೂ ಬೇರೆಬೇರೆ ಕಾಣುತ್ತವೆ. ಪೊಟ್ಯಾಶಿಯಂ ಇರುವುದು ಆ ಕಂದು ನೂಲಿನಲ್ಲಿ. ಒಂದು ಗ್ರಾಮಿನ ತೂಕಕ್ಕೆ ಅಂಥ ಒಂದು ಚೂರು ಬಿತ್ತೋ ಎರಡು ಬಿತ್ತೋ ಎಂಬುದೇ ನಿಮ್ಮ ಉತ್ತರ.

ಗಟ್ಟಿ ರಾಳವನ್ನು ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯಿಟ್ಟು, ಒರಳನ್ನೂ ತಣ್ಣಗೆ ಮಾಡಿಕೊಂಡು, ಬೇಗ ಕುಟ್ಟಿ ಜರಡಿ ಹಿಡಿಯಿರಿ. ಬೆಚ್ಚಗಾದರೆ ಒನಕೆಗೆ ಅಂಟುತ್ತದೆ. ಅಂಟದೆ ಉಳಿಯುವ ತೊಗಟೆಯೇ ಜರಡಿಯ ಮೇಲೆ ಹೆಚ್ಚು ನಿಲ್ಲುವುದರಿಂದ, ಜರಡಿಯ ಮೇಲಿನದ್ದನ್ನು ಬಿಸಾಡದೆ ಮತ್ತೆ ಕುಟ್ಟಿ ಸೇರಿಸಬೇಕು. ಹಾಲುಮಡ್ಡಿ ಮೆತ್ತಗಿರುವುದರಿಂದ ಕುಟ್ಟಲು ಬರುವುದಿಲ್ಲ, ತೇವವನ್ನೂ ಎಳೆದುಕೊಳ್ಳುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಬೆಚ್ಚನೆ ನೀರಿನ ಮೇಲೆ ಸಡಿಲಿಸಿ, ಕಡ್ಡಿಯಿಂದ ತಳದವರೆಗೂ ಕಲಸಿ, ಮೂಸೆಗೇ ನೇರ ತೂಗಿ, ತೂಕವನ್ನು ತಕ್ಷಣ ಬರೆದುಕೊಳ್ಳಿ. ಒಂದು ಗ್ರಾಮಿನ ಎರಡು ತೂಕದ ಬದಲು ಐದು ಗ್ರಾಮಿನ ಮೂರು ತೂಕ ಸುಡಿ.

ಮಣ್ಣಿನದು ಇನ್ನೊಂದು ಲೆಕ್ಕ. ಮಣ್ಣಿನ ಅಭ್ರಕ, ಫೆಲ್ಡ್‌ಸ್ಪಾರ್ ಕಣಗಳಲ್ಲಿ ಪೊಟ್ಯಾಶಿಯಂ ಇದ್ದರೂ ಹೈಡ್ರೋಕ್ಲೋರಿಕ್‌ಗೆ ಅದು ಪೂರ್ತಿ ಬಿಟ್ಟುಕೊಡುವುದಿಲ್ಲ, ಸೋಸುಕಾಗದದ ಮೇಲೆ ಮರಳಾಗಿ ಉಳಿಯುತ್ತದೆ. ಆ ಮರಳನ್ನೂ ಕರಗಿಸುವ ಹೈಡ್ರೋಫ್ಲೋರಿಕ್ ಆಮ್ಲ ಬಳಸುವ ಪ್ರಯೋಗಾಲಯಕ್ಕೆ ನಿಮಗಿಂತ ಹೆಚ್ಚು ಬರುವುದು ಅದಕ್ಕೇ, ಇಬ್ಬರದೂ ತಪ್ಪಲ್ಲ. ಕಾಗದದ ಮೇಲೆ ಉಳಿದದ್ದನ್ನು ಸುಟ್ಟು ತೂಗಿ, ಆಮ್ಲಕ್ಕೆ ಕರಗದ ಬೂದಿ ಇಷ್ಟು ಎಂದು ಪೊಟ್ಯಾಶಿಯಂ ಅಂಕಿಯ ಪಕ್ಕದಲ್ಲೇ ಬರೆಯಿರಿ. ಯಾವ ಆಮ್ಲದಲ್ಲಿ ಕರಗಿಸಿದ್ದು ಎಂಬುದನ್ನೂ ಅದೇ ಸಾಲಿನಲ್ಲಿ ಸೇರಿಸಿ.